ವರ್ಕ್‌ಶಾಪಿಗೆ ಬ್ಯಾಂಡ್ ಸಾ ಬಂದಿದೆ. ಹುಡುಗರ ಕೈಗೆ ಕೊಡಬೇಕಾ, ಬೇಡವಾ?

ವರ್ಕ್‌ಶಾಪ್ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನ ಒಂದು ಕಾಲೇಜಿನ ವರ್ಕ್‌ಶಾಪ್ ನೋಡಿಕೊಳ್ಳುತ್ತೇನೆ. ಕಾಲೇಜಿನ ಹೆಸರು ಬೇಡ. ಹಳೆ ವಿದ್ಯಾರ್ಥಿಗಳು ದುಡ್ಡು ಹಾಕಿ ನಮಗೊಂದು ಬ್ಯಾಂಡ್ ಸಾ ಕೊಡಿಸಿದ್ದಾರೆ. ಮೇಲೊಂದು ಕೆಳಗೊಂದು ಚಕ್ರಕ್ಕೆ ಸುತ್ತಿದ ಪಟ್ಟಿಯಂಥ ಬ್ಲೇಡ್ ಓಡಿ ಮರ ಕೊಯ್ಯುವ ಮೆಷಿನ್ ಅದು. 14 ಇಂಚು ಚಕ್ರ, ತ್ರೀ ಫೇಸ್ ಮೋಟರು, ಸೆಕೆಂಡ್ ಹ್ಯಾಂಡ್. ಚೆನ್ನಾಗಿಯೇ ಕೊಯ್ಯುತ್ತದೆ.

ತಲೆನೋವು ಏನೆಂದರೆ, ಈ ಮೆಷಿನ್ ನೋಡಿ ಯಾರಿಗೂ ಭಯ ಆಗುವುದಿಲ್ಲ. ಸರ್ಕ್ಯುಲರ್ ಸಾ ಹಾಕಿದರೆ ಆ ಸದ್ದಿಗೇ ಮಕ್ಕಳು ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಇದರ ಹತ್ತಿರ ಮಾತ್ರ ಹೊಲಿಗೆ ಮೆಷಿನ್ ಮುಂದೆ ಕೂತವರ ಹಾಗೆ ಆರಾಮಾಗಿ ಇರುತ್ತಾರೆ. ಹೋದ ವಾರ ಒಬ್ಬ ಸ್ವಿಚ್ ಆಫ್ ಮಾಡಿದವನೇ ಬ್ಲೇಡ್ ಪಕ್ಕ ಬಿದ್ದ ಚೂರು ತೆಗೆಯಲು ಕೈ ಹಾಕಿದ. ಬ್ಲೇಡ್ ಇನ್ನೂ ಓಡುತ್ತಿತ್ತು. ಪುಣ್ಯಕ್ಕೆ ಅಂಗಿಯ ತೋಳಷ್ಟೇ ಹರಿಯಿತು.

ಪ್ರಿನ್ಸಿಪಾಲರು 20 ನಿಯಮಗಳ ಬೋರ್ಡ್ ಬರೆಸಿ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಅರ್ಧ ಜನ ಬೀಗ ಹಾಕಿಡಿ ಎನ್ನುತ್ತಾರೆ. ಮಕ್ಕಳು 16ರಿಂದ 19 ವಯಸ್ಸಿನವರು. ಎಕ್ಸಿಬಿಷನ್‌ಗೆ ಕಾಫಿ ಕಾಂಡ ಕೊಯ್ದು ಲೋಟ ಇಡುವ ಬಿಲ್ಲೆ ಮಾಡಬೇಕು ಅಂತ ಕಾಯುತ್ತಿದ್ದಾರೆ. ಇಂಥ ಮೆಷಿನ್ ಮೇಲೆ ಕೆಲಸ ಮಾಡಿದವರು ಹೇಳಿ, ಮೊದಲು ಏನು ಮಾಡಬೇಕು?

ಕರಿಮೆಣಸು
ಬೀಗ ಹಾಕಿ. ಕೀ ಕಾವೇರಿಗೆ ಎಸೆಯಿರಿ.

ಸಾಮಿಲ್ ಮನೆಯವ, ಕುಶಾಲನಗರ
ಮೇಷ್ಟ್ರೇ, ಬೋರ್ಡ್ ಆಮೇಲೆ ಬರೆಸಿ. ಮೊದಲು ಮೆಷಿನ್ ನೋಡಿ. ಇಷ್ಟಕ್ಕೆ ಉತ್ತರ ಕೊಡಿ:

ಮೇಲಿನ ಗೈಡ್ (ಬ್ಲೇಡ್ ಅಲ್ಲಾಡದಂತೆ ಹಿಡಿಯುವುದು) ಮತ್ತು ಗಾರ್ಡ್ (ಬ್ಲೇಡನ್ನು ಮುಚ್ಚುವುದು) ಏರಿಳಿಯುತ್ತದಾ, ಅಥವಾ ತುಕ್ಕು ಹಿಡಿದು ಮೇಲೇ ನಿಂತಿದೆಯಾ? ಚಕ್ರದ ಎರಡೂ ಬಾಗಿಲು ಸರಿಯಾಗಿ ಮುಚ್ಚುತ್ತವಾ? ಸ್ಟಾರ್ಟರ್ ಯಾವುದು? ಬ್ರೇಕ್ ಇದೆಯಾ? ಟೇಬಲ್ ನಡುವಿನ ತಟ್ಟೆ, ಬ್ಲೇಡ್ ಇಳಿಯುವ ತೂತಿನದ್ದು, ಸವೆದು ದೊಡ್ಡದಾಗಿದೆಯಾ?

ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳಲ್ಲಿ ನೂರಕ್ಕೆ ತೊಂಬತ್ತು ಸಲ ಗಾರ್ಡ್ ಮೇಲೇ ಇರುತ್ತದೆ. ದಪ್ಪ ಮರ ಒಂದು ಸಲ ಕೊಯ್ದಿರುತ್ತಾರೆ, ಇಳಿಸುವುದನ್ನು ಮರೆತಿರುತ್ತಾರೆ. ಆಮೇಲೆ ಒಂದು ಇಂಚಿನ ರೀಪು ಕೊಯ್ಯುವಾಗಲೂ ಆರು ಇಂಚು ಬ್ಲೇಡ್ ಬೆತ್ತಲೆ. ಬೆರಳು ಹೋಗುವುದು ಆ ಬೆತ್ತಲೆ ಜಾಗಕ್ಕೆ. ಗಾರ್ಡ್ ಮರದ ಮೇಲೆ ಕಾಲು ಇಂಚು ಅಂತರದಲ್ಲಿ ಇರಬೇಕು. ಪ್ರತಿ ಸಲ, ಪ್ರತಿ ಮರಕ್ಕೆ ಇಳಿಸಬೇಕು. ಅಲ್ಲಿ ಬೆರಳು ತೂರುವುದೇ ಇಲ್ಲ ಅಂದರೆ ನಿಮ್ಮ ಅರ್ಧ ಚಿಂತೆ ಹೋಯಿತು. ಗೈಡ್ ಹತ್ತಿರ ಇದ್ದಷ್ಟೂ ಬ್ಲೇಡ್ ಅಲ್ಲಾಡದೆ ನೇರವಾಗಿಯೂ ಕೊಯ್ಯುತ್ತದೆ, ಅದು ಬೇರೆ ಲಾಭ.

ಅಮ್ಮತ್ತಿ ಅಕ್ಕ
ನನ್ನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ತಾಯಿಯಾಗಿ ಹೇಳುತ್ತಿದ್ದೇನೆ, ಕೊಡಬೇಡಿ. ಇಲ್ಲಿ ಬೆರಳು ಹೋದರೆ ಎಲ್ಲಿಗೆ ಓಡುವುದು? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದಿದ್ದರೆ ಇನ್ನೂ ಚೆನ್ನ. 2019ರಲ್ಲಿ ಕೊಡಗಿಗೆ ಒಳ್ಳೆಯ ತುರ್ತು ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಎಲ್ಲರೂ ಹ್ಯಾಶ್‌ಟ್ಯಾಗ್ ಹಾಕಿ ಕೂಗಿದ್ದು ಸುಮ್ನೆ ಅಲ್ಲ. ಬೆಂಗಳೂರಿನ ಕಾಲೇಜಿಗೆ ಸರಿಯಾದದ್ದು ನಮಗೂ ಸರಿ ಅಂತ ಏನಿಲ್ಲ.

ಮೂರನೇ ಸೆಮ್
ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಾನೇ ಡಿಪ್ಲೊಮಾ ಹುಡುಗಿ. ನಮ್ಮಲ್ಲಿ ಮೆಷಿನ್‌ಗೆ ಬೀಗ ಹಾಕಿದ್ದಾರೆ. ಏನಾಯಿತು ಗೊತ್ತಾ? ಪ್ರಾಜೆಕ್ಟ್ ಸಬ್‌ಮಿಷನ್ ಬಂದಾಗ ಹುಡುಗರು ಹಾಸ್ಟೆಲ್‌ನಲ್ಲಿ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಬ್ಲೇಡ್ ಹಾಕಿಕೊಂಡು ಕೊಯ್ಯುತ್ತಿದ್ದಾರೆ. ಗಾರ್ಡ್ ಬಿಚ್ಚಿ! ಅದಕ್ಕಿಂತ ಮೇಷ್ಟ್ರ ಕಣ್ಣೆದುರು ಬ್ಯಾಂಡ್ ಸಾ ಎಷ್ಟೋ ವಾಸಿ ಅಲ್ವಾ?

ಇನ್ನೊಂದು, ಹುಡುಗಿಯರಿಗೆ ಮೆಷಿನ್ ಕೊಡುವುದೇ ಇಲ್ಲ. "ನೀವು ಮರಳು ಕಾಗದ ಉಜ್ಜಿ" ಅಂತ ಕೂರಿಸುತ್ತಾರೆ.

ಸೋಮವಾರಪೇಟೆ ಸ್ಕ್ರೂ
@ಮೂರನೇ ಸೆಮ್, ಅವರಿಗೆ ಹೇಳಿ: ಬ್ಯಾಂಡ್ ಸಾಗೆ 1808ರಲ್ಲೇ ಲಂಡನ್ನಿನ ವಿಲಿಯಂ ನ್ಯೂಬೆರಿ ಪೇಟೆಂಟ್ ತೆಗೆದಿದ್ದ. ಆದರೆ ಬ್ಲೇಡಿನ ಬೆಸುಗೆ ನಿಲ್ಲದೆ ಮೆಷಿನ್ ಮೂಲೆ ಸೇರಿತ್ತು. 1846ರಲ್ಲಿ ಬೆಸುಗೆಯ ದಾರಿ ಕಂಡುಹಿಡಿದು ಪೇಟೆಂಟ್ ಪಡೆದದ್ದು ಫ್ರಾನ್ಸಿನ ಆನ್ ಪಾಲಿನ್ ಕ್ರೆಪಿನ್, ಹೆಂಗಸು. ಮುಂದಿನ ಸಲ ಮರಳು ಕಾಗದ ಕೊಟ್ಟವರಿಗೆ ಇದನ್ನು ಹೇಳಿ.

ಮೂರನೇ ಸೆಮ್
ಸ್ಕ್ರೀನ್‌ಶಾಟ್ ತೆಗೆದುಕೊಂಡೆ 😀

ಫೇಸ್ ನ್ಯೂಟ್ರಲ್
ಎಲ್ಲರೂ ಬ್ಲೇಡ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಮಾಡುವವನು, ಕರೆಂಟ್ ಬಗ್ಗೆ ಹೇಳುತ್ತೇನೆ. ನಮ್ಮ ಜಿಲ್ಲೆಗೆ ಇದೇ ಮುಖ್ಯ.

ಒಂದು. ಮಳೆಗಾಲದಲ್ಲಿ ಕೊಯ್ಯುತ್ತಿರುವಾಗಲೇ ಕರೆಂಟ್ ಹೋಗುತ್ತದೆ. ಹುಡುಗ ಮರ ಸಿಕ್ಕಿಕೊಂಡಿದೆ ಅಂತ ಎರಡೂ ಕೈ ಹಾಕಿ ಎಳೆಯುತ್ತಾನೆ. ಅಷ್ಟರಲ್ಲಿ ಕರೆಂಟ್ ಬರುತ್ತದೆ. ತಿರುಗಿಸುವ ಸ್ವಿಚ್ ಇದ್ದರೆ ಮೆಷಿನ್ ತಾನಾಗಿ ಶುರು. ಹಸಿರು ಬಟನ್, ಕೆಂಪು ಬಟನ್ ಇರುವ ಡಿಒಎಲ್ ಸ್ಟಾರ್ಟರ್ ಹಾಕಿಸಿ. ಅದರಲ್ಲಿ ನೋ ವೋಲ್ಟ್ ಕಾಯಿಲ್ ಇರುತ್ತದೆ. ಕರೆಂಟ್ ಹೋದ ಕೂಡಲೇ ಬಿಟ್ಟುಬಿಡುತ್ತದೆ. ಮತ್ತೆ ಹಸಿರು ಒತ್ತುವವರೆಗೆ ಓಡುವುದಿಲ್ಲ.

ಎರಡು. ಲೈನ್ ಮೇಲೆ ಮರ ಬೀಳುತ್ತದೆ, ಚೆಸ್ಕಾಂನವರು ಮಳೆಯಲ್ಲೇ ಬಂದು ಪಾಪ ಸರಿ ಮಾಡುತ್ತಾರೆ. ಆ ಗಡಿಬಿಡಿಯಲ್ಲಿ ಎರಡು ಫೇಸ್ ಅದಲುಬದಲಾದರೆ ನಿಮ್ಮ ಮೋಟರು ಉಲ್ಟಾ ತಿರುಗುತ್ತದೆ. ಪಂಪ್‌ಸೆಟ್ ಆದರೆ ನೀರು ಸರಿಯಾಗಿ ಬರುವುದಿಲ್ಲ, ಗೊತ್ತಾಗುತ್ತದೆ. ಬ್ಯಾಂಡ್ ಸಾ ಆದರೆ ಹಲ್ಲು ಕೆಳಗೆ ಇಳಿಯುವ ಬದಲು ಮೇಲಕ್ಕೆ ಓಡುತ್ತದೆ, ಮರವನ್ನು ಟೇಬಲ್‌ನಿಂದ ಎತ್ತುತ್ತದೆ. ಲೈನ್ ಕೆಲಸ ಆದ ಮೇಲೆ ಮರ ಇಡದೆ ಒಂದು ಕ್ಷಣ ಬಟನ್ ಒತ್ತಿ ದಿಕ್ಕು ನೋಡಿ. ಫೇಸ್ ಅದಲುಬದಲಾದರೆ ಮೋಟರು ಓಡಲು ಬಿಡದ ಫೇಸ್ ಸೀಕ್ವೆನ್ಸ್ ರಿಲೇ ಹಾಕಿಸಿದರೆ ಈ ಯೋಚನೆಯೇ ಇಲ್ಲ. ಒಂದು ಫೇಸ್ ಹೋದರೂ ಮೋಟರು ಸುಡದ ಹಾಗೆ ಅದೇ ಡಬ್ಬದಲ್ಲಿ ಪ್ರಿವೆಂಟರ್ ಬರುತ್ತದೆ.

ಮೂರು. ನೆಲ ಒದ್ದೆ, ಗೋಡೆ ಒದ್ದೆ. ಅರ್ಥಿಂಗ್ ಚೆಕ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ.

ಸಾಮಿಲ್ ಮನೆಯವ, ಕುಶಾಲನಗರ
ಎರಡನೆಯದು ಸತ್ಯ. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಬದಲಿಸಿದಾಗೆಲ್ಲ ಮೊದಲು ದಿಕ್ಕು ನೋಡುತ್ತೇವೆ.

ಸೇಫ್ಟಿ ಫಸ್ಟ್
ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ ಹೆಲ್ಮೆಟ್, ಶೂ, ಗ್ಲೌಸ್, ಕನ್ನಡಕ ಕೊಡಿ. ಪಿಪಿಇ ಇಲ್ಲದೆ ಒಳಗೆ ಬಿಡಬೇಡಿ.

ನಾಪೋಕ್ಲು ಆಚಾರಿ
ಗ್ಲೌಸ್ ಬೇಡ. ಬೇಡವೇ ಬೇಡ.

ಸೇಫ್ಟಿ ಫಸ್ಟ್
ಯಾಕೆ ಬೇಡ? ಕೈ ಕೊಯ್ಯುವ ಮೆಷಿನ್, ಕೈಗೆ ರಕ್ಷಣೆ ಬೇಡವಾ?

ನಾಪೋಕ್ಲು ಆಚಾರಿ
ಬ್ಲೇಡ್ ನಿಮಿಷಕ್ಕೆ ಸುಮಾರು 3000 ಅಡಿ ಓಡುತ್ತದೆ ಸ್ವಾಮಿ. ಸೆಕೆಂಡಿಗೆ 50 ಅಡಿ. ನಿಮ್ಮ ಯಾವ ಬಟ್ಟೆ ಗ್ಲೌಸ್ ತಡೆಯುತ್ತದೆ? ಬರಿಗೈ ತಾಗಿದರೆ ಕೊಯ್ಯುತ್ತದೆ, ನೋವಿಗೆ ಕೈ ತಾನೇ ಹಿಂದೆ ಬರುತ್ತದೆ. ಗ್ಲೌಸಿನ ನೂಲು ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ತಿರುಗುವ, ಓಡುವ ಮೆಷಿನ್ ಹತ್ತಿರ ಗ್ಲೌಸ್ ಇಲ್ಲ. ಬ್ಲೇಡ್ ಬದಲಿಸುವಾಗ, ಪ್ಲಗ್ ಕಿತ್ತ ಮೇಲೆ, ಆಗ ಹಾಕಿಕೊಳ್ಳಿ. ಸುರುಳಿ ಬಿಚ್ಚುವಾಗ ಆ ಬ್ಲೇಡ್ ಚಿಮ್ಮಿ ಮುಖಕ್ಕೆ ಬರುತ್ತದೆ, ಅದಕ್ಕೆ ಕನ್ನಡಕವೂ ಬೇಕು.

ಸೇಫ್ಟಿ ಫಸ್ಟ್
ಸರಿ, ಗ್ಲೌಸ್ ವಾಪಸ್ ತೆಗೆದುಕೊಂಡೆ. ಕನ್ನಡಕ ಮಾತ್ರ ಬಿಡುವುದಿಲ್ಲ.

ಮಳೆ ಮಡಿಕೇರಿ
ಗ್ಲೌಸ್‌ಗಿಂತ ದೊಡ್ಡದು ಐಡಿ ಕಾರ್ಡ್! ಕಾಲೇಜಿನಲ್ಲಿ ಕೊರಳಲ್ಲಿ ಟ್ಯಾಗ್ ಇಲ್ಲದಿದ್ದರೆ ಫೈನ್. ಅದೇ ಟ್ಯಾಗ್ ನೇತಾಡಿಸಿಕೊಂಡು ಮೆಷಿನ್ ಮೇಲೆ ಬಗ್ಗುತ್ತಾರೆ. ಜತೆಗೆ ದುಪಟ್ಟಾ, ಹುಡುಗರ ಕೈಯ ದಾರ, ಕಡಗ, ಜಾಕೆಟ್ಟಿನ ದಾರ. ಚಳಿ ಅಂತ ಸ್ವೆಟರ್ ತೋಳು ಅಂಗೈವರೆಗೆ ಎಳೆದುಕೊಂಡಿರುತ್ತಾರೆ. ಬಾಗಿಲಲ್ಲೇ ಒಂದು ಮೊಳೆ ಹೊಡೆಯಿರಿ, ಐಡಿ ಅಲ್ಲಿ ನೇತುಹಾಕಿ ಒಳಗೆ ಬರಲಿ.

ವರ್ಕ್‌ಶಾಪ್ ಮೇಷ್ಟ್ರು
ನೋಡಿಕೊಂಡು ಬಂದೆ. ಸಾಮಿಲ್‌ನವರೇ, ನೀವು ಹೇಳಿದ ಹಾಗೇ ಇದೆ. ಗಾರ್ಡ್ ಮೇಲೇ ನಿಂತಿದೆ, ಸ್ಕ್ರೂ ತುಕ್ಕು ಹಿಡಿದಿದೆ. ಸೀಮೆಎಣ್ಣೆ ಹಾಕಿ ಬಿಟ್ಟಿದ್ದೇನೆ. ತಿರುಗಿಸುವ ಸ್ವಿಚ್ಚೇ ಇರುವುದು. ಬ್ರೇಕ್ ಇಲ್ಲ, ಆಫ್ ಮಾಡಿದ ಮೇಲೆ ಚಕ್ರ ತುಂಬ ಹೊತ್ತು ತಿರುಗುತ್ತದೆ. ಕೆಳಗಿನ ಬಾಗಿಲಿನ ಚಿಲಕ ಮುರಿದಿದೆ, ತಂತಿ ಕಟ್ಟಿದ್ದಾರೆ. ನಡುವಿನ ತಟ್ಟೆಯ ತೂತಿನಲ್ಲಿ ನನ್ನ ಹೆಬ್ಬೆರಳು ಹೋಗುತ್ತದೆ.

ಸ್ಟಾರ್ಟರ್‌ಗೆ ಎಷ್ಟಾಗಬಹುದು?

ಫೇಸ್ ನ್ಯೂಟ್ರಲ್
ಮೋಟರಿನ ಎಚ್‌ಪಿ ನೋಡಿ ಹೇಳಬೇಕು. ನೀವು ಬರೆಸುವ ಬೋರ್ಡಿನ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಬಂದೀತು. ಎಮರ್ಜೆನ್ಸಿ ಬಟನ್ ಒಂದು ಸೇರಿಸಿ, ಮೊಣಕಾಲು ತಾಗುವ ಎತ್ತರಕ್ಕೆ. ಎರಡೂ ಕೈ ಮರದ ಮೇಲಿರುವಾಗ ಮೇಲಿನ ಬಟನ್ ಯಾರು ಒತ್ತುತ್ತಾರೆ?

ಸಾಮಿಲ್ ಮನೆಯವ, ಕುಶಾಲನಗರ
ಆ ತಟ್ಟೆ ಇವತ್ತೇ ಬದಲಿಸಿ. ಸಣ್ಣ ಚೂರುಗಳು ಆ ತೂತಿಗೆ ಇಳಿದು ಬ್ಲೇಡ್ ಜತೆ ಸಿಕ್ಕಿಕೊಂಡರೆ ಬ್ಲೇಡ್ ತುಂಡಾಗುತ್ತದೆ. ಪ್ಲೈವುಡ್‌ನಲ್ಲೇ ಒಂದು ಬಿಲ್ಲೆ ಕೊರೆದು ಕೂರಿಸಬಹುದು, ಖರ್ಚಿಲ್ಲ.

ಬ್ರೇಕ್ ಇಲ್ಲದಿದ್ದರೆ ಒಂದೇ ಪದ್ಧತಿ. ಆಫ್ ಮಾಡಿದವನು ಚಕ್ರ ನಿಲ್ಲುವವರೆಗೆ ಅಲ್ಲೇ ನಿಲ್ಲಬೇಕು, ಕೈ ಹಿಂದೆ ಕಟ್ಟಿಕೊಂಡು. ಓಡುವ ಬ್ಲೇಡ್ ಬೆಳಕಿನಲ್ಲಿ ನಿಂತ ಹಾಗೇ ಕಾಣುತ್ತದೆ, ಸದ್ದೂ ಇರುವುದಿಲ್ಲ. ಅದೇ ಮೋಸ. ಚೂರು ತೆಗೆಯಲು ಕೋಲು ಇಡಿ, ಮೆಷಿನ್‌ಗೆ ಸರಪಳಿ ಹಾಕಿ ಕಟ್ಟಿ. ಇಲ್ಲದಿದ್ದರೆ ಯಾರಾದರೂ ಒಲೆಗೆ ಹಾಕುತ್ತಾರೆ.

ತೋಟದ ರೈಟರ್
ಕಾಫಿ ಕಾಂಡ ಅಂದಿರಲ್ಲ, ಎಲ್ಲಿಂದ ತರುತ್ತೀರಿ? ಬೇಲಿ ಪಕ್ಕದ ಮರ ಆದರೆ ಹುಷಾರು. ನಮ್ಮ ತೋಟದ ಸಿಲ್ವರ್ ಓಕ್‌ಗಳಲ್ಲಿ ಅಜ್ಜನ ಕಾಲದ ಮುಳ್ಳುತಂತಿ ಒಳಗೇ ಸೇರಿಹೋಗಿದೆ. ಹೊರಗೆ ತೊಗಟೆ ಚೆಂದ ಮುಚ್ಚಿಕೊಂಡಿರುತ್ತದೆ, ಒಳಗೆ ತಂತಿ, ಮೊಳೆ, ಒಂದು ಸಲ ಗೇಟಿನ ಕೊಂಡಿಯೇ ಸಿಕ್ಕಿತು. ಮೇಲೆ ಕಪ್ಪು ನೀಲಿ ಕಲೆ ಕಂಡರೆ ಒಳಗೆ ಕಬ್ಬಿಣ ಇದೆ ಅಂತಲೇ ತಿಳಿಯಿರಿ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಿಡಿದು ನೋಡಿ.

ಕರಿಮೆಣಸು
ನಿಮ್ಮ ತೋಟದಲ್ಲಿ ಇನ್ನೇನೇನು ಇದೆ? ನಮ್ಮ ಕಡೆ ಆನೆ ಕಂದಕದ ಹತ್ತಿರದ ಮರದಲ್ಲಿ ಸೋಲಾರ್ ಬೇಲಿಯ ಇನ್ಸುಲೇಟರ್ ಸಿಕ್ಕಿತ್ತು.

ತೋಟದ ರೈಟರ್
ಆನೆ ವಿಷಯ ಎತ್ತಬೇಡಿ, ಈ ಚರ್ಚೆ ಮುಗಿಯುವುದಿಲ್ಲ.

ನಾಪೋಕ್ಲು ಆಚಾರಿ
ಕಾಫಿ ಕಾಂಡದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಯಾರೂ ಹೇಳಲಿಲ್ಲ. ಮೇಷ್ಟ್ರೇ, ನಿಮ್ಮ ಎಲ್ಲ ಕೆಲಸದಲ್ಲಿ ಅತಿ ಅಪಾಯದ್ದು ಅದೇ. ಹಲಗೆ ಕೊಯ್ಯುವುದಲ್ಲ.

ಬ್ಲೇಡ್ ಮರವನ್ನು ಕೆಳಕ್ಕೆ ಒತ್ತುತ್ತದೆ. ಹಲಗೆ ಟೇಬಲ್ ಮೇಲೆ ಮಟ್ಟಸವಾಗಿ ಕೂತಿರುತ್ತದೆ, ಒತ್ತಿದಷ್ಟೂ ಗಟ್ಟಿ. ಅದಕ್ಕೇ ಈ ಮೆಷಿನ್ ಸರ್ಕ್ಯುಲರ್ ಸಾ ಹಾಗೆ ಮರ ಹಿಂದಕ್ಕೆ ಎಸೆಯುವುದಿಲ್ಲ. ದುಂಡಗಿನ ಕಾಂಡಕ್ಕೆ ಅಡಿಯಲ್ಲಿ ಆಧಾರ ಒಂದೇ ಗೆರೆ. ಹಲ್ಲು ತಾಗಿದ ಕೂಡಲೇ ಗಿರ್ರನೆ ಉರುಳುತ್ತದೆ. ಹಿಡಿದ ಕೈ ಜತೆಗೇ ಬ್ಲೇಡಿನತ್ತ ಹೋಗುತ್ತದೆ. ಬ್ಲೇಡ್ ತಿರುಚಿ ಮುರಿಯುವುದೂ ಉಂಟು. ಕಾಫಿ ಮರ ಬಲು ಗಟ್ಟಿ ಬೇರೆ, ಹಿಡಿತ ಜಾಸ್ತಿ.

ಹೀಗೆ ಮಾಡಿ. ದಪ್ಪ ರೀಪಿನಲ್ಲಿ ವಿ ಆಕಾರದ ಕಾಲುವೆ ತೆಗೆದು ತೊಟ್ಟಿಲು ಮಾಡಿಕೊಳ್ಳಿ. ಕಾಂಡ ಅದರಲ್ಲಿ ಕೂರಬೇಕು, ಕ್ಲಾಂಪ್ ಹಾಕಬೇಕು, ಕೈಯಲ್ಲಿ ಒತ್ತಿ ಹಿಡಿಯುವುದಲ್ಲ. ತೊಟ್ಟಿಲಿನ ಸಮೇತ ತಳ್ಳಬೇಕು. ಆದರೆ ರೊಬಸ್ಟಾ ಕಾಂಡ ನೇರ ಇರುತ್ತದಾ? ಸೊಟ್ಟ ಇದ್ದರೆ ತೊಟ್ಟಿಲಿನಲ್ಲಿ ಅಲ್ಲಾಡುತ್ತದೆ. ಅಂಥದ್ದಕ್ಕೆ ಬಾಚಿಯಲ್ಲಿ ಒಂದು ಬದಿ ಚಪ್ಪಟೆ ಕೆತ್ತಿ, ಕೆಳಗಿನಿಂದ ಸ್ಕ್ರೂ ಹೊಡೆದು ಹಲಗೆಗೆ ಕೂರಿಸಿ. ಸ್ಕ್ರೂ ಬ್ಲೇಡಿನ ದಾರಿಯಲ್ಲಿ ಇರಬಾರದು, ಇದನ್ನೂ ಹೇಳಬೇಕು, ಮಕ್ಕಳು ಅಲ್ಲೇ ಹೊಡೆಯುತ್ತಾರೆ.

ಕೊನೆಯ ಗೇಣುದ್ದದ ತುಂಡನ್ನು ಬಿಟ್ಟುಬಿಡಿ. ಇನ್ನೂ ಎರಡು ಬಿಲ್ಲೆ ಬರುತ್ತದೆ ಅಂತ ಆಸೆ ಪಟ್ಟಾಗಲೇ ಅನಾಹುತ.

ಮೂರನೇ ಸೆಮ್
ಆಚಾರಿ ಅಣ್ಣ, ಹಸಿ ಕಾಂಡ ಕೊಯ್ದರೆ ಬಿಲ್ಲೆ ಸೀಳುತ್ತದೆ, ಅದಕ್ಕೆ ಏನು ಮಾಡುವುದು?

ನಾಪೋಕ್ಲು ಆಚಾರಿ
ಎರಡೂ ತುದಿಗೆ ಮೇಣ ಬಳಿದು ನೆರಳಿನಲ್ಲಿ ಇಡಮ್ಮ. ಆದಷ್ಟು ನಿಧಾನವಾಗಿ ಒಣಗಬೇಕು. ಮಳೆಗಾಲದಲ್ಲಂತೂ ಆಗದ ಮಾತು. ಹಸಿ ಮರ ಬ್ಲೇಡನ್ನು ಕಚ್ಚಿಯೂ ಹಿಡಿಯುತ್ತದೆ.

ಬ್ರಹ್ಮಗಿರಿ ಬೈಕರ್
ಇಷ್ಟೆಲ್ಲ ಯಾಕೆ? ಅರ್ಧ ಇಂಚಿನ ದಪ್ಪ ಬ್ಲೇಡ್ ಹಾಕಿ, ಗಟ್ಟಿ ಇರುತ್ತದೆ, ಮುರಿಯುವುದಿಲ್ಲ. ಎಲ್ಲ ಕೆಲಸಕ್ಕೂ ಅದೇ ಸಾಕು.

ಸಾಮಿಲ್ ಮನೆಯವ, ಕುಶಾಲನಗರ
ಸಾಲದು. ಅರ್ಧ ಇಂಚು ಅಂದರೆ ಅಗಲ, ದಪ್ಪ ಅಲ್ಲ. ಆ ಅಗಲಕ್ಕೆ ಸುಮಾರು ಎರಡೂವರೆ ಇಂಚು ತ್ರಿಜ್ಯಕ್ಕಿಂತ ಸಣ್ಣ ತಿರುವು ಬರುವುದಿಲ್ಲ. ಮಕ್ಕಳು ಗಣಪತಿ ಸೊಂಡಿಲು ಕೊಯ್ಯಲು ಹೋಗುತ್ತಾರೆ, ಬ್ಲೇಡ್ ತಿರುಗದಿದ್ದಾಗ ಮರವನ್ನು ಬಲವಂತವಾಗಿ ತಿರುಚುತ್ತಾರೆ. ಬ್ಲೇಡ್ ಚಕ್ರದಿಂದ ಕಳಚುತ್ತದೆ. ಕಾಲು ಇಂಚಿನ ಬ್ಲೇಡ್‌ನಲ್ಲಿ ಮುಕ್ಕಾಲು ಇಂಚಿಗೂ ಸ್ವಲ್ಪ ಕಡಿಮೆ ತ್ರಿಜ್ಯದವರೆಗೆ ತಿರುಗಿಸಬಹುದು. ಅದಕ್ಕೂ ಸಣ್ಣದಾದರೆ ಮೊದಲು ಹೊರಗಿನಿಂದ ಗೆರೆಯವರೆಗೆ ನೇರ ಸೀಳುಗಳನ್ನು ಹಾಕಿಕೊಳ್ಳಬೇಕು, ಆಮೇಲೆ ಚೂರು ಚೂರಾಗಿ ಉದುರಿಸಿಕೊಂಡು ಹೋಗಬೇಕು.

ಹಲ್ಲಿನ ಲೆಕ್ಕವೂ ಇದೆ. ಯಾವಾಗಲೂ ಕನಿಷ್ಠ ಮೂರು ಹಲ್ಲು ಮರದೊಳಗೆ ಇರಬೇಕು. ಕಾಲು ಇಂಚಿನ ಪ್ಲೈಗೆ ಇಂಚಿಗೆ ಮೂರು ಹಲ್ಲಿನ ಬ್ಲೇಡ್ ಹಾಕಿದರೆ ಪ್ಲೈಯನ್ನು ಕಚ್ಚಿ ಕೆಳಕ್ಕೆ ಬಡಿಯುತ್ತದೆ.

ಬ್ರಹ್ಮಗಿರಿ ಬೈಕರ್
ಅದು ದೊಡ್ಡ ಸಾಮಿಲ್ ಲೆಕ್ಕ ಇರಬೇಕು.

ಸಾಮಿಲ್ ಮನೆಯವ, ಕುಶಾಲನಗರ
ಸಾಮಿಲ್‌ನಲ್ಲಿ ಸೊಂಡಿಲು ಕೊಯ್ಯುವುದಿಲ್ಲ ಮಾರಾಯರೇ.

ಮಳೆ ಮಡಿಕೇರಿ
ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಕ್ಕೆ ಕೆಲಸ ಮಾಡುವಾಗ ಸೊಂಡಿಲು, ರಾಕ್ಷಸನ ಕೈ, ಎಲ್ಲ ಪ್ಲೈನಲ್ಲಿ ಕೊಯ್ಯುತ್ತೇವೆ. ಅಲ್ಲಿ ನೋಡಿದ್ದು ಏನೆಂದರೆ, ಹಗಲು ಯಾರಿಗೂ ಏನೂ ಆಗುವುದಿಲ್ಲ. ರಾತ್ರಿ ಎರಡು ಗಂಟೆ ಮೇಲೆ ಶುರು. ನಿದ್ದೆ, ಅವಸರ, ಪಕ್ಕದಲ್ಲಿ ನಿಂತು ಮಾತಾಡುವವರು. ಮೇಷ್ಟ್ರೇ, ಎಕ್ಸಿಬಿಷನ್ ಹಿಂದಿನ ದಿನ ಮೆಷಿನ್‌ಗೆ ಬೀಗ. ಅಷ್ಟರಲ್ಲಿ ಕೊಯ್ದಾಗಿರಬೇಕು.

ಅಮ್ಮತ್ತಿ ಅಕ್ಕ
ಇದು ಒಳ್ಳೆಯ ಮಾತು.

ಶನಿವಾರಸಂತೆ ಶೆಟ್ರು
ಆಯುಧಪೂಜೆ ಬಗ್ಗೆ ಯಾರೂ ಹೇಳಲಿಲ್ಲ. ಕೈಲ್‌ಪೊಳ್ದ್ (ಕೊಡವರ ಆಯುಧಗಳ ಹಬ್ಬ), ಆಯುಧಪೂಜೆ ಎರಡಕ್ಕೂ ಮೆಷಿನ್‌ಗೆ ಹಾರ ಹಾಕುತ್ತಾರೆ. ಒಬ್ಬರು ಹಾರದ ಸಮೇತ "ಒಂದು ರೌಂಡ್ ಓಡಿಸಿ" ಅಂದರು. ಹೂವು, ದಾರ ಎಲ್ಲ ಚಕ್ರಕ್ಕೆ ಸುತ್ತಿ ಬ್ಲೇಡ್ ಕಳಚಿ ಬಿತ್ತು. ಬಾಗಿಲು ಮುಚ್ಚಿದ್ದರಿಂದ ಬಚಾವ್.

ಕರಿಮೆಣಸು
ಅದಕ್ಕೇ ಹೇಳಿದ್ದು, ಬಾಗಿಲು ಮುಚ್ಚಿ, ಬೀಗ ಹಾಕಿ, ಕಾವೇರಿಗೆ...

ಬ್ರಹ್ಮಗಿರಿ ಬೈಕರ್
ಬ್ಲೇಡ್ ಮುರಿದರೆ ಎದುರಿಗೆ ನಿಂತವರಿಗೆ ತಗಲುತ್ತದಲ್ಲ? ಹಾಗಾದರೆ ಬಲಗಡೆ ಪಕ್ಕದಲ್ಲಿ ನಿಂತು ಕೊಯ್ಯುವುದು ಒಳ್ಳೆಯದು.

ನಾಪೋಕ್ಲು ಆಚಾರಿ
ತಪ್ಪು. ಬಲಗಡೆಯೇ ನಿಲ್ಲಬಾರದ ಜಾಗ. ಕಂಬ ಎಡಗಡೆ ಇರುತ್ತದೆ, ಬಲಕ್ಕೆ ತೆರೆದ ಬದಿ. ಮುರಿದ ಬ್ಲೇಡ್ ಹೊರಗೆ ಹಾರಿದರೆ ಆ ಕಡೆ ಹಾರುವ ಸಾಧ್ಯತೆ ಜಾಸ್ತಿ. ಕೊಯ್ಯುವವರು ಎದುರಿಗೆ, ಬ್ಲೇಡಿನ ನೇರಕ್ಕಿಂತ ಸ್ವಲ್ಪ ಎಡಕ್ಕೆ ನಿಲ್ಲಬೇಕು. ಬಾಗಿಲು ಮುಚ್ಚಿ, ಗಾರ್ಡ್ ಇಳಿಸಿದ್ದರೆ ಮುರಿದ ಬ್ಲೇಡ್ ಬಹಳ ಸಲ ಒಳಗೇ ಉಳಿಯುತ್ತದೆ. ನೋಡುವ ಮಕ್ಕಳು ಬಲಗಡೆ ಗುಂಪು ಕಟ್ಟುತ್ತಾರೆ, ಕೊಯ್ಯುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದಲ್ಲ. ಹಳದಿ ಗೆರೆ ಎಳೆಯುವುದಾದರೆ ಅಲ್ಲಿ ಎಳೆಯಿರಿ.

ಮುರಿಯುವ ಮೊದಲು ಬ್ಲೇಡ್ ಹೇಳುತ್ತದೆ. ಟಿಕ್, ಟಿಕ್, ಟಿಕ್ ಅಂತ ಒಂದೇ ಲಯದ ಸದ್ದು. ಬಿರುಕು ಅಥವಾ ಬೆಸುಗೆ ಗೈಡಿಗೆ ತಾಗುವ ಸದ್ದು ಅದು. ಆಗಲೇ ಆಫ್. ಮುರಿದರೆ ಆಫ್ ಮಾಡಿ ದೂರ ಹೋಗಿ, ಎರಡೂ ಚಕ್ರ ನಿಲ್ಲುವವರೆಗೆ ಬಾಗಿಲು ತೆರೆಯಬೇಡಿ.

ವಾರ್ಡ್ ಸಿಸ್ಟರ್
ಕೆಲಸದ ನಡುವೆ ಓದಿದೆ, ಒಂದು ಹೇಳಿ ಹೋಗುತ್ತೇನೆ. ಬೆರಳು ತುಂಡಾದವರು ಅದನ್ನು ನೇರ ಐಸ್ ಡಬ್ಬಕ್ಕೆ ಹಾಕಿಕೊಂಡು ಬರುತ್ತಾರೆ. ಐಸ್ ತಾಗಿದ ಬೆರಳು ಹೆಪ್ಪುಗಟ್ಟಿ ಹಾಳಾಗುತ್ತದೆ. ಶುದ್ಧ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ನೀರಿನ ಇನ್ನೊಂದು ಚೀಲದಲ್ಲಿ ಇಡಿ. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕೈ ಎತ್ತಿ ಹಿಡಿಯಿರಿ. ಅರ್ಧ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಕಾಫಿ ಪುಡಿ, ಅರಿಶಿನ ಏನೂ ಬೇಡ! 108ಕ್ಕೆ ಕರೆ ಮಾಡಿ, ಬೆರಳು ಸೇರಿಸುವ ಡಾಕ್ಟರ್ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೊರಡಿ.

ಅಮ್ಮತ್ತಿ ಅಕ್ಕ
ಸಿಸ್ಟರ್, ಥ್ಯಾಂಕ್ಸ್. ಕಾಫಿ ಪುಡಿ ಮೆತ್ತುವುದು ನಮ್ಮ ಮನೆಯಲ್ಲೂ ಇದೆ.

ಲಾ ಪಾಯಿಂಟ್
1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮೆಷಿನ್ನಿನ ಅಪಾಯದ ಭಾಗಗಳಿಗೆ ಗಾರ್ಡ್ ಇರಲೇಬೇಕಿತ್ತು. 23ನೇ ಸೆಕ್ಷನ್ ಹದಿಹರೆಯದವರನ್ನು ಅಪಾಯದ ಮೆಷಿನ್‌ಗೆ ಹಚ್ಚುವ ಮೊದಲು ಪೂರ್ತಿ ತರಬೇತಿ ಕೊಡಬೇಕು, ಇಲ್ಲವೇ ಬಲ್ಲವರು ಜತೆಗೆ ನಿಲ್ಲಬೇಕು ಎನ್ನುತ್ತಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಬಂದಿದೆ.

ಸೇಫ್ಟಿ ಫಸ್ಟ್
ಕಾಲೇಜು ಕಾರ್ಖಾನೆ ಅಲ್ಲವಲ್ಲ?

ಲಾ ಪಾಯಿಂಟ್
ಅಲ್ಲ. ಆದರೆ ಏನಾದರೂ ಆದಾಗ "ಗಾರ್ಡ್ ಯಾಕೆ ಮೇಲಿತ್ತು" ಅಂತ ಕೇಳುವವರು ಅದನ್ನೆಲ್ಲ ನೋಡುವುದಿಲ್ಲ. ಯಾರಿಗೆ ಯಾವತ್ತು ಕಲಿಸಿದಿರಿ ಅಂತ ಒಂದು ರಿಜಿಸ್ಟರ್ ಇಡಿ. ಸಹಿ ಹಾಕಿಸಿ.

ತೋಟದ ರೈಟರ್
ರಿಜಿಸ್ಟರ್, ಬೋರ್ಡ್, ಸಹಿ. ಇದೆಲ್ಲ ಮೇಲಿನವರ ತಲೆ ಉಳಿಸಲಿಕ್ಕೆ, ಮಕ್ಕಳ ಬೆರಳು ಉಳಿಸಲಿಕ್ಕೆ ಅಲ್ಲ. 20 ನಿಯಮದ ಬೋರ್ಡ್ ಯಾರು ಓದುತ್ತಾರೆ? ನಮ್ಮ ಪಲ್ಪಿಂಗ್ ಶೆಡ್ಡಿನಲ್ಲೂ ದೊಡ್ಡ ಬೋರ್ಡ್ ಇದೆ. ಅದರ ಮೇಲೆ ಅಂಗಿ ನೇತುಹಾಕುತ್ತಾರೆ.

ಲಾ ಪಾಯಿಂಟ್
ಬೇರೆ ರೀತಿ ನೋಡಿ. ಸಹಿ ಹಾಕುವಾಗಲಾದರೂ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಮಾತಾಡಬೇಕಾಗುತ್ತದೆ ಅಲ್ವಾ?

ನಾಪೋಕ್ಲು ಆಚಾರಿ
ಇಬ್ಬರದೂ ಸರಿ. ನನ್ನ ಕೇಳಿದರೆ ಬೋರ್ಡಿಗಿಂತ ಕೀ ಮುಖ್ಯ. ಸ್ಟಾರ್ಟರಿಗೆ ಒಂದೇ ಕೀ, ಮೇಷ್ಟ್ರ ಜೇಬಲ್ಲಿ. ಮೇಷ್ಟ್ರು ಚಹಾಕ್ಕೆ ಹೋದರೆ ಮೆಷಿನ್ನೂ ಚಹಾಕ್ಕೆ ಹೋಗಬೇಕು. ಮೊದಲು ಮಕ್ಕಳಿಗೆ ಮೆಷಿನ್ ಆಫ್ ಇರುವಾಗ ಕೊಯ್ಯಲು ಹೇಳಿ. ಎಡಗೈ ಎಲ್ಲಿ, ಬಲಗೈ ಎಲ್ಲಿ, ಕೊನೆಗೆ ಮರ ಎಲ್ಲಿ ಬೀಳುತ್ತದೆ, ಎಲ್ಲ ಮಾಡಿ ತೋರಿಸಲಿ. ಹೆಬ್ಬೆರಳು ಬ್ಲೇಡಿನ ದಾರಿಯಲ್ಲಿ ಬರುವುದು ಅಲ್ಲೇ ಕಾಣುತ್ತದೆ. ಕೊನೆಯ ಎರಡು ಇಂಚು ಕೈಯಲ್ಲಿ ತಳ್ಳುವಂತಿಲ್ಲ, ತಳ್ಳುಕೋಲು. ಮರ ಮುಗಿದ ಕೂಡಲೇ ಒತ್ತಡ ಒಮ್ಮೆಗೇ ಬಿಡುತ್ತದೆ, ಕೈ ಮುಂದೆ ನುಗ್ಗುತ್ತದೆ, ಅದಕ್ಕೆ. ಓಡುತ್ತಿರುವ ಬ್ಲೇಡಿನಿಂದ ಮರವನ್ನು ಹಿಂದಕ್ಕೆ ಎಳೆಯಬಾರದು. ಎಳೆಯಬೇಕಾದರೆ ಆಫ್ ಮಾಡಿ, ನಿಂತ ಮೇಲೆ ಎಳೆಯಿರಿ.

ಸೋಮವಾರಪೇಟೆ ಸ್ಕ್ರೂ
ಧೂಳು ಮರೆಯಬೇಡಿ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಲ್ವರ್ ಓಕ್, ಬೀಟೆ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಏಳುತ್ತದೆ. ಮಾಸ್ಕ್ ಹಾಕಿಸಿ. ಕೆಳಗಿನ ಚಕ್ರದ ಡಬ್ಬದಲ್ಲಿ ತುಂಬಿದ ಹುಡಿಯನ್ನು ದಿನಾ ತೆಗೆಸಿ, ಬಿಸಿಗೆ ಅದು ಹೊಗೆಯಾಡುತ್ತದೆ.

ಕರಿಮೆಣಸು
ಬೀಟೆ ಧೂಳು ಕಾಲೇಜಿಗೆ ಎಲ್ಲಿಂದ ಬಂತು? ಫಾರೆಸ್ಟಿನವರು ಓದುತ್ತಿದ್ದಾರೆ, ಹುಷಾರು.

ಸೋಮವಾರಪೇಟೆ ಸ್ಕ್ರೂ
ಹಳೆ ಮಂಚದ ಕಾಲು ಸ್ವಾಮಿ!

ವರ್ಕ್‌ಶಾಪ್ ಮೇಷ್ಟ್ರು
ಎಲ್ಲರಿಗೂ ಥ್ಯಾಂಕ್ಸ್. ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ಬೋರ್ಡಿನ ದುಡ್ಡು ಸ್ಟಾರ್ಟರಿಗೆ ಹೋಗುತ್ತಿದೆ. ಗಾರ್ಡ್ ಸ್ಕ್ರೂ ಬಿಟ್ಟಿತು, ಈಗ ಏರಿಳಿಯುತ್ತದೆ. ಚಿಲಕ ವೆಲ್ಡ್ ಮಾಡಿಸಿದೆ. ಕೀ ನನ್ನ ಹತ್ತಿರ. ಕಾಫಿ ಬಿಲ್ಲೆಗಳನ್ನು ಈ ಸಲ ಕೈಗರಗಸದಲ್ಲಿ ಮಾಡುತ್ತಾರೆ, ತೊಟ್ಟಿಲು ತಯಾರಾದ ಮೇಲೆ ನೋಡೋಣ. ಗೊಣಗುತ್ತಿದ್ದಾರೆ. ಬ್ಯಾಂಡ್ ಸಾದಲ್ಲಿ ಸದ್ಯಕ್ಕೆ ಹಲಗೆ ಮಾತ್ರ, ಒಬ್ಬರಾದ ಮೇಲೆ ಒಬ್ಬರು.

@ಮೂರನೇ ಸೆಮ್: ಮೊದಲ ಪಾಳಿಗೆ ನಮ್ಮ ಹುಡುಗಿಯರೇ ಹೆಸರು ಕೊಟ್ಟಿದ್ದಾರೆ.

ನಾನೂ ಎಲ್ಲಾದರೂ ನಾಲ್ಕು ದಿನ ಕಲಿತು ಬರಬಹುದಾ?

ಸಾಮಿಲ್ ಮನೆಯವ, ಕುಶಾಲನಗರ
ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರಗೆಲಸದ ಮೆಷಿನ್ ತರಬೇತಿ ಕೊಡುತ್ತಾರೆ, ಕೇಳಿ ನೋಡಿ. ಇಲ್ಲದಿದ್ದರೆ ನಮ್ಮ ಮಿಲ್ಲಿಗೆ ಬನ್ನಿ, ಸಾ ಡಾಕ್ಟರ್ ಜತೆ ಕೂತು ಬ್ಲೇಡ್ ಬೆಸುಗೆ, ಹಲ್ಲು ಚೂಪು ಮಾಡುವುದು ನೋಡಬಹುದು.

ಅಮ್ಮತ್ತಿ ಅಕ್ಕ
ಡಾಕ್ಟರಾ?

ಸಾಮಿಲ್ ಮನೆಯವ, ಕುಶಾಲನಗರ
ಬ್ಲೇಡಿನ ಡಾಕ್ಟರ್ ಅಕ್ಕ. ಸಂಬಳವೂ ಡಾಕ್ಟರ್ ಹಾಗೇ ಕೇಳುತ್ತಾರೆ.

ವರ್ಕ್‌ಶಾಪ್ ಮೇಷ್ಟ್ರು
ಹೊಸ ಬ್ಲೇಡ್ ಬೇಕು. 14 ಇಂಚು ಮೆಷಿನ್‌ಗೆ ಎಷ್ಟು ಉದ್ದ ಅಂತ ಹೇಳಿ ತರಿಸಲಿ?

ಬ್ರಹ್ಮಗಿರಿ ಬೈಕರ್
93 ಮುಕ್ಕಾಲು.

ನಾಪೋಕ್ಲು ಆಚಾರಿ
93 ಇಂಚೂವರೆ. ಕಂಬಕ್ಕೆ ತುಂಡು ಸೇರಿಸಿ ಎತ್ತರ ಮಾಡಿದ್ದರೆ 105.

ಸಾಮಿಲ್ ಮನೆಯವ, ಕುಶಾಲನಗರ
ಸೆಕೆಂಡ್ ಹ್ಯಾಂಡ್ ಮೆಷಿನ್, ಯಾವ ಕಂಪನಿಯದೋ ಏನೋ. ಅಳೆದೇ ತರಿಸಿ. ಬ್ಲೇಡ್ ಬಿಗಿ ಮಾಡುವ ಟೆನ್ಷನ್ ತಿರುಗಣೆಯನ್ನು ನಡುವಿಗೆ ತನ್ನಿ. ಎರಡು ಚಕ್ರಗಳ ನಡುಬಿಂದುವಿನ ಅಂತರ ಅಳೆದು ಎರಡು ಪಟ್ಟು ಮಾಡಿ, ಅದಕ್ಕೆ ಚಕ್ರದ ವ್ಯಾಸದ 3.14 ಪಟ್ಟು ಸೇರಿಸಿ. ಹಳೆ ಬ್ಲೇಡ್ ಇದ್ದರೆ ನೆಲದ ಮೇಲೆ ಉರುಳಿಸಿಯೂ ಅಳೆಯಬಹುದು. ಅಳೆಯುವ ಮುಂಚೆ ಚಕ್ರದ ರಬ್ಬರ್ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಒಟ್ಟಿಗೇ ತರಿಸಿಬಿಡಿ, ಕೊರಿಯರ್ ಖರ್ಚು ಒಂದೇ.

ವರ್ಕ್‌ಶಾಪ್ ಮೇಷ್ಟ್ರು
ಸರಿ, ನಾಳೆ ಅಳೆದು ಹಾಕುತ್ತೇನೆ. ಕರೆಂಟ್ ಇದ್ದರೆ.

ಫೇಸ್ ನ್ಯೂಟ್ರಲ್
ಅಳೆಯಲು ಕರೆಂಟ್ ಯಾಕೆ ಸರ್? ಪ್ಲಗ್ ಕಿತ್ತೇ ಅಳೆಯಿರಿ.